ಕೆರೆ ಅಂಗಳದ ಡ್ರೋನ್ ಸರ್ವೆ: ಎರಡು ಹಾರಾಟದ ಎತ್ತರ ಒಂದಕ್ಕೊಂದು ಕೂಡುತ್ತಿಲ್ಲ, ಎಲ್ಲಿ ನೋಡಬೇಕು?

ಕೆರೆಬಯಲು

ಎಲ್ಲರಿಗೂ ನಮಸ್ಕಾರ. ಕೋಲಾರ ತಾಲ್ಲೂಕಿನ ಒಂದು ಕೆರೆಯಲ್ಲಿ ಎಷ್ಟು ಹೂಳು ತೆಗೆಯಬೇಕು ಅಂತ ಲೆಕ್ಕ ಹಾಕುವ ಕೆಲಸ ಹಿಡಿದಿದ್ದೇವೆ. ಅಂಗಳ ಸುಮಾರು 60 ಎಕರೆ. ಸದ್ಯಕ್ಕೆ ನೀರಿಲ್ಲ, ತೂಬಿನ ಹತ್ತಿರ ಮಾತ್ರ ಕೆಸರಿದೆ. ಒಂದು ಮೂಲೆಯಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ.

ಡ್ರೋನ್ ಆರ್‌ಟಿಕೆ (ಹಾರುವಾಗಲೇ ಜಿಪಿಎಸ್ ಅಂಕಿಯನ್ನು ಸೆಂ.ಮೀ. ಮಟ್ಟಕ್ಕೆ ತಿದ್ದುವ ವ್ಯವಸ್ಥೆ) ಇರುವಂಥದ್ದು. ಒಂದು ಇಂಚಿನ ಸೆನ್ಸರ್, ಮೆಕ್ಯಾನಿಕಲ್ ಶಟರ್. ಮೊದಲ ಹಾರಾಟ 60 ಮೀಟರ್ ಎತ್ತರದಲ್ಲಿ, ಬೆಳಗ್ಗೆ ಬೇಗ. ಎರಡನೆಯದು 100 ಮೀಟರ್‌ನಲ್ಲಿ, ಮಧ್ಯಾಹ್ನದ ಹೊತ್ತಿಗೆ. ಎರಡರಲ್ಲೂ ಕ್ಯಾಮೆರಾ ನೇರ ಕೆಳಕ್ಕೆ. ಓವರ್‌ಲ್ಯಾಪ್ (ಒಂದು ಫೋಟೋದಲ್ಲಿದ್ದದ್ದು ಮುಂದಿನದರಲ್ಲೂ ಬರುವ ಭಾಗ) ಮುಂದಕ್ಕೆ ಶೇ. 80, ಪಕ್ಕಕ್ಕೆ ಶೇ. 70. ಏರಿ ಮೇಲೆ ಸುಣ್ಣದ ಗುರುತು ಹಾಕಿ ಜಿಸಿಪಿ (ನೆಲದ ಮೇಲೆ ಅಳೆದು ಸಾಫ್ಟ್‌ವೇರ್‌ಗೆ ಕೊಡುವ ಆಧಾರ ಬಿಂದು) ತೆಗೆದುಕೊಂಡಿದ್ದೇವೆ.

ಸಾಫ್ಟ್‌ವೇರ್ ಕೊಟ್ಟ ವರದಿ ಎರಡಕ್ಕೂ ಚೆನ್ನಾಗಿದೆ. ಜಿಸಿಪಿ ತಪ್ಪು 2 ಸೆಂ.ಮೀ. ಒಳಗೇ ಇದೆ. ಆದರೆ ಒಂದು ಮೇಲ್ಮೈಯಿಂದ ಇನ್ನೊಂದನ್ನು ಕಳೆದರೆ ಅಂಚಿನಲ್ಲಿ ಸರಿಯಾಗಿ ಕೂಡುತ್ತದೆ, ನಡುಮಧ್ಯೆ 18 ಸೆಂ.ಮೀ. ವ್ಯತ್ಯಾಸ ಬರುತ್ತದೆ.

18 ಸೆಂ.ಮೀ. ಅಂದರೆ ಒಂದು ಗೇಣೂ ಇಲ್ಲ ಅನ್ನಿಸಬಹುದು. ಅಂಚಿನಲ್ಲಿ ಸೊನ್ನೆ, ನಡುವೆ 18 ಅಂದರೆ ಸರಾಸರಿ 9 ಅಂತ ಇಟ್ಟುಕೊಳ್ಳಿ. 60 ಎಕರೆಗೆ ಅದು ಸುಮಾರು 22,000 ಘನ ಮೀಟರ್ ಮಣ್ಣು. ಟ್ರ್ಯಾಕ್ಟರ್ ಟ್ರೇಲರ್‌ಗೆ 3 ಘನ ಮೀಟರ್ ಹಿಡಿದರೂ 7,000 ಲೋಡಿಗೆ ಮೇಲಾಯಿತು. ಇದು ಊರಿನವರ ದುಡ್ಡು. ಯಾವ ಅಂಕಿಯನ್ನು ನಂಬಿ ಗ್ರಾಮಸಭೆ ಮುಂದೆ ಇಡಲಿ?

ಬಿಂದುಮೋಡ

ಅಂಚು ಕೂಡಿ ನಡು ಏರುಪೇರಾದರೆ ಮೊದಲ ಅನುಮಾನ ಡೋಮಿಂಗ್ ಮೇಲೆ. ಬಟ್ಟಲಿನ ಹಾಗೆ ಇಡೀ ಮೇಲ್ಮೈ ಬಾಗಿಬಿಡುತ್ತದೆ, ಕೆಲವೊಮ್ಮೆ ಒಳಕ್ಕೆ, ಕೆಲವೊಮ್ಮೆ ಹೊರಕ್ಕೆ.

ಕಾರಣ ಇಷ್ಟೇ. ಸಾಫ್ಟ್‌ವೇರ್ ಫೋಟೋಗಳನ್ನು ಕೂಡಿಸುವಾಗಲೇ ಲೆನ್ಸಿನ ಫೋಕಲ್ ಲೆಂಗ್ತ್, ಅಂಚಿನಲ್ಲಿ ಅದು ಎಷ್ಟು ಬಾಗಿಸುತ್ತದೆ ಅನ್ನೋದನ್ನೂ ತಾನೇ ಅಂದಾಜು ಮಾಡುತ್ತದೆ. ನೆಲ ಚಪ್ಪಟೆ, ಕ್ಯಾಮೆರಾ ನೇರ ಕೆಳಕ್ಕೆ, ಎಲ್ಲ ಸಾಲೂ ಒಂದೇ ಎತ್ತರದಲ್ಲಿ. ಹೀಗಿದ್ದಾಗ ಲೆನ್ಸ್ ಬಾಗಿದೆಯೋ ನೆಲ ಬಾಗಿದೆಯೋ ಅಂತ ಬೇರೆ ಮಾಡಿ ಹೇಳುವ ಆಧಾರವೇ ಅದಕ್ಕೆ ಸಿಗುವುದಿಲ್ಲ. ಕೆರೆ ಅಂಗಳಕ್ಕಿಂತ ಚಪ್ಪಟೆ ನೆಲ ಎಲ್ಲಿದೆ ಹೇಳಿ. ಗುಡ್ಡದ ಕೆಲಸದಲ್ಲಿ ಇದು ಇಷ್ಟು ಕಾಡುವುದಿಲ್ಲ.

ಎರಡು ವಿಷಯ ತಿಳಿಸಿ. ಎರಡೂ ವರದಿಯಲ್ಲಿ ಫೋಕಲ್ ಲೆಂಗ್ತ್ ಎಷ್ಟು ಪಿಕ್ಸೆಲ್ ಅಂತ ಬಂದಿದೆ? ಜಿಸಿಪಿ ಎಲ್ಲವೂ ಏರಿ ಮೇಲೇ ಇವೆಯಾ?

ಕೆರೆಬಯಲು

ಎಲ್ಲವೂ ಏರಿ ಮೇಲೇ. ಅಂಗಳದಲ್ಲಿ ಕೆಸರು ಇದೆ, ದನ ತುಳಿದು ಅಳಿಸುತ್ತವೆ ಅಂತ ಹಾರಿಸಿದ ತಂಡದವರು ಅಲ್ಲಿ ಹಾಕಲಿಲ್ಲ. ಫೋಕಲ್ ಲೆಂಗ್ತ್ ಎರಡರಲ್ಲೂ ಬೇರೆ ಬೇರೆ ಬಂದಿದೆ, 10 ಪಿಕ್ಸೆಲ್‌ಗೂ ಜಾಸ್ತಿ ವ್ಯತ್ಯಾಸ. ಕ್ಯಾಮೆರಾ ಅದೇ.

ಬಿಂದುಮೋಡ

ಹಾಗಾದರೆ ಇದು ಡೋಮಿಂಗೇ. ಒಂದೇ ಕ್ಯಾಮೆರಾ ಎರಡು ಫೋಕಲ್ ಲೆಂಗ್ತ್ ತೋರಿಸುತ್ತಿದೆ ಅಂದರೆ ಲೆಕ್ಕಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬಿಸಿಲು ಏರಿದಾಗ ಕ್ಯಾಮೆರಾ ಕಾದು ಸ್ವಲ್ಪ ಬದಲಾಗುವುದು ಉಂಟು. ಆದರೆ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಅದನ್ನು ಕಾರಣ ಅನ್ನಲಾರೆ.

ಏರಿ ಮೇಲಿನ ಬಿಂದುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇರುತ್ತವೆ. ಆ ಗೆರೆ ಹಿಡಿದು ಮೇಲ್ಮೈ ಅತ್ತ ಇತ್ತ ವಾಲಿದರೂ ಜಿಸಿಪಿ ತಪ್ಪು ಕಮ್ಮಿಯೇ ಕಾಣುತ್ತದೆ. ಜಿಸಿಪಿ ತಪ್ಪು 2 ಸೆಂ.ಮೀ. ಅಂದರೆ ಸಾಫ್ಟ್‌ವೇರ್ ನೀವು ಕೊಟ್ಟ ಉತ್ತರಕ್ಕೆ ತನ್ನನ್ನು ಹೊಂದಿಸಿಕೊಂಡಿದೆ ಅಂತ ಅರ್ಥ, ನಕ್ಷೆ ಸರಿ ಅಂತ ಅಲ್ಲ. ನಕ್ಷೆಯ ನಿಜವಾದ ಪರೀಕ್ಷೆ ಚೆಕ್ ಪಾಯಿಂಟ್. ಆ ಬಿಂದುಗಳನ್ನು ನೆಲದ ಮೇಲೆ ಅಳೆದು ಸಾಫ್ಟ್‌ವೇರ್‌ಗೆ ಕೊಡದೆ ಬಚ್ಚಿಡಬೇಕು. ಕೆಲಸ ಪೂರ್ತಿ ಮುಗಿದ ಮೇಲೆ ಹೋಲಿಸಬೇಕು. ಅಮೆರಿಕದ ಎಎಸ್‌ಪಿಆರ್‌ಎಸ್ (ಫೋಟೋದಿಂದ ಅಳೆದು ನಕ್ಷೆ ಮಾಡುವವರ) ಸಂಸ್ಥೆ 2023ರ ತನ್ನ ಮಾನದಂಡದಲ್ಲಿ ಕನಿಷ್ಠ 30 ಚೆಕ್ ಪಾಯಿಂಟ್ ಕೇಳುತ್ತದೆ. ನಮ್ಮ ಸಣ್ಣ ಕೆರೆಗೆ ಅಷ್ಟು ಆಗದಿರಬಹುದು. ಆದರೆ ಒಂದೂ ಇಲ್ಲದೆ 22,000 ಘನ ಮೀಟರ್ ಬಗ್ಗೆ ಮಾತಾಡಬಾರದು.

ಹಾರಾಟ ಹೀಗೆ ಬದಲಿಸಿ. ಮೊದಲು ನೇರ ಕೆಳಕ್ಕೆ ನೋಡುವ ಸಾಲುಗಳು. ಆಮೇಲೆ ಅದಕ್ಕೆ ಅಡ್ಡಡ್ಡ ಕೆಲವು ಸಾಲು, ಬೇರೆ ಎತ್ತರದಲ್ಲಿ, ಕ್ಯಾಮೆರಾವನ್ನು 20ರಿಂದ 30 ಡಿಗ್ರಿ ಓರೆ ಮಾಡಿ. ಇಡೀ ಕೆರೆಗೆ ಬೇಡ, ಕೆಲವೇ ಸಾಲು ಸಾಕು. ಒಂದೇ ಜಾಗವನ್ನು ಓರೆಯಾಗಿಯೂ ನೋಡಿದಾಗ ಲೆನ್ಸಿನ ತಪ್ಪು, ನೆಲದ ಆಕಾರ ಎರಡೂ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಎರಡೂ ಹಾರಾಟದ ಫೋಟೋ ಒಟ್ಟಿಗೆ ಪ್ರಾಸೆಸ್ ಮಾಡಿ. ಆರ್‌ಟಿಕೆ ಇದೆ, ಜಿಸಿಪಿ ಬೇಡ ಅನ್ನುವವರಿದ್ದಾರೆ. ಅಡ್ಡಕ್ಕೆ ಅದು ತುಂಬ ಮಟ್ಟಿಗೆ ನಿಜ. ಎತ್ತರಕ್ಕೆ ನಾನು ಒಪ್ಪುವುದಿಲ್ಲ. ಫೋಕಲ್ ಲೆಂಗ್ತ್ ಸ್ವಲ್ಪ ಜಾರಿದರೂ ಇಡೀ ನೆಲ ಮೇಲಕ್ಕೋ ಕೆಳಕ್ಕೋ ಸರಿದುಬಿಡುತ್ತದೆ. ಅದಕ್ಕೇ ಅಂಗಳದ ಮಧ್ಯೆ ಬಿಂದು ಬೇಕೇ ಬೇಕು.

ನೀರುಗಂಟಿಯ ಮೊಮ್ಮಗ

ಅಂಗಳದಲ್ಲಿ ಎಲ್ಲಿ ಬಿಂದು ಹಾಕಬೇಕು ಅಂತ ಊರಿನ ನೀರುಗಂಟಿಯನ್ನು ಕೇಳಿ. ನೀರು ಕೊನೆಗೆ ಎಲ್ಲಿ ನಿಲ್ಲುತ್ತದೆ, ಹಳೇ ಹಳ್ಳದ ಜಾಡು ಎಲ್ಲಿ, ಯಾವ ಕಡೆ ಮಣ್ಣು ತೆಗೆದು ಗುಂಡಿ ಬಿದ್ದಿದೆ, ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಅತಿ ಆಳದ ಜಾಗದಲ್ಲೊಂದು, ಹಳ್ಳ ಒಳಗೆ ಬರುವ ಬಾಯಲ್ಲೊಂದು, ಏರಿಯಿಂದ ಅತಿ ದೂರದ ಅಂಚಿನಲ್ಲೊಂದು ಇರಲೇಬೇಕು.

ಇನ್ನೊಂದು ಮಾತು. ಕೋಡಿ ಕಲ್ಲನ್ನು ಬಿಡಬೇಡಿ. ಕೆರೆ ತುಂಬಿದಾಗ ನೀರಿನ ಮಟ್ಟ ನಿಲ್ಲುವುದೇ ಅಲ್ಲಿ. ನಿಮ್ಮ ಲೆಕ್ಕವೂ ಆ ಮಟ್ಟದಿಂದ ಕೆಳಗೆ ಎಷ್ಟು ಜಾಗ ಇದೆ ಅನ್ನೋದೇ ತಾನೆ? ಕೋಡಿ ಕಲ್ಲು ಗಟ್ಟಿ, ಅಲುಗಾಡುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅದರ ಮೇಲೆ ಪೇಂಟ್‌ನಲ್ಲಿ ಒಂದು ಅಡ್ಡಗೆರೆ ಹಾಕಿ ಶಾಶ್ವತ ಚೆಕ್ ಪಾಯಿಂಟ್ ಮಾಡಿಕೊಳ್ಳಿ. ತೂಬಿನ ಕಲ್ಲಿನ ಮೇಲೂ ಒಂದು. ಹೂಳು ತೆಗೆದ ಮೇಲೆ ಮತ್ತೆ ಹಾರಿಸುತ್ತೀರಲ್ಲ, ಆಗ ಎರಡೂ ಸರ್ವೆಯನ್ನು ಕಟ್ಟಿಹಾಕುವುದು ಇವೇ.

ಚೈನು ಸರ್ವೆ

ನಾನು ಲೈಸೆನ್ಸ್ ಇರುವ ಸರ್ವೇಯರ್. 33 ಅಡಿ ಚೈನು, 16 ಆಣೆ ಲೆಕ್ಕದಲ್ಲಿ ಕೆಲಸ ಕಲಿತವನು. ಮೇಲಿನವರು ಎತ್ತರದ ಬಗ್ಗೆ ಹೇಳಿದ್ದಾರೆ, ನಾನು ನಕ್ಷೆಯ ಅಳತೆ ಬಗ್ಗೆ ಹೇಳುತ್ತೇನೆ. ಕೆರೆ ಗಡಿ ಒತ್ತುವರಿ ಪ್ರಶ್ನೆ ಬಂದಾಗ ಇದು ಬೇಕಾಗುತ್ತದೆ.

ಕೋಲಾರದಲ್ಲಿ ಒಂದು ತೊಡಕು ಇದೆ. ಯುಟಿಎಂ (ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಚಪ್ಪಟೆ ನಕ್ಷೆ ಮಾಡುವ ಪದ್ಧತಿ) ವಲಯ 43 ಮತ್ತು 44ರ ಗಡಿ 78 ಡಿಗ್ರಿ ಪೂರ್ವ ರೇಖಾಂಶ. ಆ ಗೆರೆ ನಿಮ್ಮ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು ಪಟ್ಟಣ 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ಬೆಂಗಳೂರಿನವರು ಅಭ್ಯಾಸಬಲದಿಂದ 43 ಇಟ್ಟು ಕೊಡುತ್ತಾರೆ, ಇಲ್ಲಿಯವರು 44ರಲ್ಲಿ ಕೆಲಸ ಮಾಡುತ್ತಾರೆ. ಎರಡೂ ಫೈಲ್ ಒಟ್ಟಿಗೆ ಬಂದಾಗ ಗೊಂದಲ. ಯಾವ ವಲಯ ಅಂತ ಫೈಲ್ ಹೆಸರಿನಲ್ಲೇ ಬರೆದಿಡಿ.

ಅದಕ್ಕಿಂತ ಸೂಕ್ಷ್ಮದ ವಿಷಯ ಗ್ರಿಡ್ ಅಳತೆ. ವಲಯದ ಅಂಚಿನಲ್ಲಿ ಯುಟಿಎಂ ಎಲ್ಲವನ್ನೂ ಸ್ವಲ್ಪ ಹಿಗ್ಗಿಸಿ ತೋರಿಸುತ್ತದೆ. ಕೋಲಾರದ ಹತ್ತಿರ ನೆಲದ ಮೇಲಿನ 1 ಕಿಲೋಮೀಟರ್ ನಕ್ಷೆಯಲ್ಲಿ 65ರಿಂದ 70 ಸೆಂ.ಮೀ. ಜಾಸ್ತಿ ಬರುತ್ತದೆ. ಶಿವಮೊಗ್ಗದ ಕಡೆ ಉಲ್ಟಾ, ವಲಯದ ನಡುಗೆರೆ ಹತ್ತಿರ ಇರುವುದರಿಂದ ಸುಮಾರು 40 ಸೆಂ.ಮೀ. ಕಮ್ಮಿ. ನಿಮ್ಮ 60 ಎಕರೆಗೆ ಹಾಕಿ ನೋಡಿ, 3 ಗುಂಟೆಗಿಂತ ಜಾಸ್ತಿ ಹಿಗ್ಗುತ್ತದೆ. ಟೇಪ್ ಹಿಡಿದ ರೈತನ ಅಳತೆಗೂ ಡ್ರೋನ್ ನಕ್ಷೆಗೂ ತಾಳೆ ಆಗದೆ ಜಗಳ ಶುರುವಾಗುವುದು ಇಂಥ ಕಡೆಯೇ. ಕ್ಯೂಜಿಐಎಸ್ ನಕ್ಷೆ ಸಾಫ್ಟ್‌ವೇರ್‌ನಲ್ಲಿ ವಿಸ್ತೀರ್ಣ ತೆಗೆಯುವಾಗ ಎಲಿಪ್ಸಾಯ್ಡ್ (ಭೂಮಿಯ ಗುಂಡು ಆಕಾರದ ಗಣಿತದ ಮಾದರಿ) ಆಯ್ಕೆ ಆನ್ ಇದೆಯಾ ನೋಡಿ. ಇದ್ದರೆ ಈ ವ್ಯತ್ಯಾಸದ ಬಹುಪಾಲು ಹೋಗುತ್ತದೆ.

ಕೆರೆಬಯಲು

ತುಂಬ ಉಪಕಾರ ಆಯಿತು. ಇನ್ನೊಂದು ಕೇಳಬೇಕಿತ್ತು. ಹಳೇ ಕಾಗದಗಳಲ್ಲಿ ಈ ಕೆರೆಯ ಮಟ್ಟ 800 ಮೀಟರ್ ಚಿಲ್ಲರೆ ಅಂತ ಇದೆ. ಡ್ರೋನ್ ಡೇಟಾ 700 ಚಿಲ್ಲರೆ ತೋರಿಸುತ್ತದೆ. ಇದೂ ತಪ್ಪೇ?

ಬಿಂದುಮೋಡ

ಅದು ತಪ್ಪಲ್ಲ. ಜಿಪಿಎಸ್ ಕೊಡುವುದು ಎಲಿಪ್ಸಾಯ್ಡ್ ಮೇಲಿನ ಎತ್ತರ, ಕಾಗದದಲ್ಲಿರುವುದು ಸಮುದ್ರ ಮಟ್ಟದಿಂದ. ನಮ್ಮ ಕಡೆ ಎರಡರ ನಡುವೆ 85 ಮೀಟರ್ ಆಸುಪಾಸು ಅಂತರ ಇದೆ. ಪ್ರಪಂಚದಲ್ಲೇ ಗುರುತ್ವ ಮಟ್ಟ (ಗುರುತ್ವಕ್ಕೆ ತಕ್ಕ ಹಾಗೆ ಸಮುದ್ರ ನಿಲ್ಲುವ ಮಟ್ಟ) ಅತಿ ಕೆಳಗಿರುವ ಜಾಗ ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ, ಅಲ್ಲಿ ಈ ಅಂತರ 100 ಮೀಟರ್ ದಾಟುತ್ತದೆ. ಆ ತಗ್ಗು ಹೇಗೆ ಆಯಿತು ಅಂತ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಸಂಶೋಧಕರು 2023ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದಾರೆ. ಆಸಕ್ತಿ ಇದ್ದವರು ಹುಡುಕಿ ಓದಿ, ಚೆನ್ನಾಗಿದೆ.

ನಿಮ್ಮ ಕೆಲಸಕ್ಕೆ ಎರಡರಲ್ಲಿ ಯಾವುದಾದರೂ ಸರಿ, ಆದರೆ ಕಲಸಬೇಡಿ. ಫೋಟೋದ ಎತ್ತರ ಒಂದು ಬಗೆ, ಜಿಸಿಪಿ ಎತ್ತರ ಇನ್ನೊಂದು ಬಗೆ ಕೊಟ್ಟರೆ ಪ್ರಾಸೆಸಿಂಗ್ ಹದಗೆಡುತ್ತದೆ. ಎಲ್ಲವನ್ನೂ ಎಲಿಪ್ಸಾಯ್ಡ್‌ನಲ್ಲೇ ಮುಗಿಸಿ. ಕೊನೆಗೆ ಕೋಡಿ ಕಲ್ಲಿನ ಗೊತ್ತಿರುವ ಮಟ್ಟಕ್ಕೆ ಹೊಂದಿಸಿ.

ಮಲೆನಾಡ ಹಾರಾಟ

ಸಾಗರದ ಕಡೆಯವನು. ನಮ್ಮಲ್ಲಿ ಕೆರೆಗಿಂತ ಅಡಿಕೆ ತೋಟದ ಕೆಲಸ ಜಾಸ್ತಿ. ಓವರ್‌ಲ್ಯಾಪ್ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ, ನಿಮ್ಮ ಜಾಲಿ ಮೂಲೆಗೂ, ತೆಂಗಿನ ಸಾಲಿದ್ದರೆ ಅದಕ್ಕೂ ಹೊಂದುತ್ತದೆ.

ಆ್ಯಪ್‌ನಲ್ಲಿ 80, 70 ಅಂತ ಇಡುವುದು ನೆಲದ ಮಟ್ಟಕ್ಕೆ. 60 ಮೀಟರ್‌ನಲ್ಲಿ ಹಾರುವಾಗ ಮರದ ತಲೆ 15 ಮೀಟರ್ ಇದ್ದರೆ, ಕ್ಯಾಮೆರಾಗೂ ತಲೆಗೂ ಉಳಿಯುವುದು 45 ಮೀಟರ್. ಆ ಮಟ್ಟದಲ್ಲಿ ಶೇ. 80 ಅನ್ನುವುದು 73ಕ್ಕೆ ಇಳಿಯುತ್ತದೆ, ಶೇ. 70 ಅನ್ನುವುದು 60ಕ್ಕೆ. ಮೇಲಿಂದ ಗಾಳಿಗೆ ಸೋಗೆ ಬೇರೆ ಅಲ್ಲಾಡುತ್ತಿರುತ್ತದೆ. ಸಾಫ್ಟ್‌ವೇರ್‌ಗೆ ಹೊಂದಿಸಲು ಬಿಂದುಗಳೇ ಸಿಗುವುದಿಲ್ಲ, ಆರ್ಥೋಮೊಸಾಯಿಕ್‌ನಲ್ಲಿ (ಎಲ್ಲ ಫೋಟೋ ಕೂಡಿಸಿದ ನಕ್ಷೆಯಲ್ಲಿ) ತೋಟ ಕರಗಿದ ಹಾಗೆ ಕಾಣುತ್ತದೆ. ಅದಕ್ಕೇ ನಾವು ತೋಟದ ಮೇಲೆ ಎತ್ತರ ಹೆಚ್ಚಿಸಿ, ಎರಡೂ ಕಡೆ ಓವರ್‌ಲ್ಯಾಪ್ 85, 80ಕ್ಕೆ ಏರಿಸುತ್ತೇವೆ. ಗಾಳಿ ಏಳುವ ಮುಂಚೆ ಮುಗಿಸುತ್ತೇವೆ.

ಆದರೆ ತೋಟದ ಒಳಗಿನ ನೆಲ ಫೋಟೋದಿಂದ ಸಿಗುವುದಿಲ್ಲ. ಇದನ್ನು ಗಿರಾಕಿಗೆ ಮುಂಚೆಯೇ ನೇರ ಹೇಳಬೇಕು. ಕ್ಯಾಮೆರಾ ಕಂಡದ್ದನ್ನು ಮಾತ್ರ ಅಳೆಯುತ್ತದೆ. ನೆಲವೇ ಬೇಕು ಅಂದರೆ ಲೈಡಾರ್ (ಲೇಸರ್ ಕಿರಣದಿಂದ ಅಳೆಯುವ ಸಾಧನ) ತರಿಸಿ. ಅದರ ಕಿರಣ ಎಲೆಗಳ ಸಂದಿಯಲ್ಲಿ ಇಳಿಯುತ್ತದೆ, ಆದರೂ ದಟ್ಟ ತೋಟದಲ್ಲಿ ಸ್ವಲ್ಪವೇ ಕೆಳಗೆ ತಲುಪುತ್ತದೆ.

ಕೆರೆಬಯಲು

ಲೈಡಾರ್‌ಗೆ ನಮ್ಮಲ್ಲಿ ದುಡ್ಡಿಲ್ಲ. ಜಾಲಿ ಇರುವ ಜಾಗ ಎಂಟು ಹತ್ತು ಎಕರೆ ಇರಬಹುದು. ಡಿಟಿಎಂ (ಗಿಡ ಕಳೆದ ಬರೀ ನೆಲದ ಮಾದರಿ) ಮಾಡಿದರೆ ಅದನ್ನು ತೆಗೆದುಹಾಕುತ್ತದೆ ಅಂತ ಹೇಳಿದ್ದರು.

ಬಿಂದುಮೋಡ

ತೆಗೆಯುತ್ತದೆ. ಆದರೆ ತೆಗೆದ ಜಾಗದಲ್ಲಿ ಏನು ಹಾಕುತ್ತದೆ ಅಂತ ನೋಡಿ. ವೆಬ್‌ಓಡಿಎಂ ಸಾಫ್ಟ್‌ವೇರ್‌ನಲ್ಲಿರುವ ಎಸ್‌ಎಂಆರ್‌ಎಫ್ ಆಗಲಿ, ಕ್ಲೌಡ್‌ಕಂಪೇರ್ ಸಾಫ್ಟ್‌ವೇರ್‌ನ ಸಿಎಸ್‌ಎಫ್ ಆಗಲಿ, ನೆಲ, ಗಿಡ ಬೇರೆ ಮಾಡುವ ಈ ಫಿಲ್ಟರ್‌ಗಳು ಸುತ್ತಲಿನ ನೆಲಕ್ಕಿಂತ ದಿಢೀರ್ ಎದ್ದ ಬಿಂದುಗಳನ್ನು ಗಿಡ ಅಂತ ಬಿಡುತ್ತವೆ. ಆಮೇಲೆ ಅಂಚಿನಿಂದ ಅಂಚಿಗೆ ಸುಮ್ನೆ ಒಂದು ಹಾಳೆ ಹಾಸಿ ತುಂಬಿಸುತ್ತವೆ. ಜಾಲಿಯ ತಲೆ ಚಪ್ಪರದ ಹಾಗೆ ಸಮವಾಗಿ ಹಬ್ಬಿದ್ದರೆ ಅದನ್ನೇ ನೆಲ ಅಂತ ತಿಳಿದುಕೊಳ್ಳುವುದೂ ಉಂಟು. ಆಗ ಜಾಲಿ ಎಲ್ಲಾ ಹೂಳಿನ ಲೆಕ್ಕಕ್ಕೆ ಬರುತ್ತದೆ.

ದುಡ್ಡಿಲ್ಲದೆ ಮಾಡುವ ದಾರಿ ಇದೆ. ಜಾಲಿಯ ಒಳಗೆ ದನ ಓಡಾಡುವ ಕಾಲುದಾರಿ ಇದ್ದೇ ಇರುತ್ತದೆ. ಜಿಎನ್‌ಎಸ್‌ಎಸ್ ರೋವರ್ (ಕೈಯಲ್ಲಿ ಹಿಡಿದು ನಡೆಯುವ ಜಿಪಿಎಸ್ ಅಳತೆ ಯಂತ್ರ) ಕಂಬ ಹಿಡಿದು ಅದರಲ್ಲೇ ನಡೆದು, ಹೆಜ್ಜೆ ಹೆಜ್ಜೆಗೂ ಎತ್ತರ ತೆಗೆಯಿರಿ. ಗಿಡದ ಕೆಳಗೆ ಫಿಕ್ಸ್ (ನಿಖರ ಅಂಕಿ) ಹೋಗಿ ಫ್ಲೋಟ್ (ಬರೀ ಅಂದಾಜಿನ ಅಂಕಿ) ಬಂದರೆ ಆ ಬಿಂದು ಬಿಟ್ಟು ಮುಂದೆ ಹೋಗಿ, ಫ್ಲೋಟ್ ಅಂಕಿಯನ್ನು ಸೇರಿಸಲೇಬೇಡಿ. ಅಲ್ಲಿ ಆಟೋ ಲೆವೆಲ್ (ದುರ್ಬೀನಿನಲ್ಲಿ ನೋಡಿ ಎತ್ತರ ಅಳೆಯುವ ಉಪಕರಣ) ಇಟ್ಟರೂ ಆಯಿತು. ಆ ಬಿಂದುಗಳಿಂದ ಜಾಲಿ ಜಾಗಕ್ಕೆ ಬೇರೆ ಮೇಲ್ಮೈ ಮಾಡಿ ನಕ್ಷೆಯಲ್ಲಿ ಬೇರೆ ಬಣ್ಣ ಹಾಕಿ. ಇದು ಡ್ರೋನ್ ಕಂಡದ್ದಲ್ಲ, ಕಾಲಲ್ಲಿ ನಡೆದು ಅಳೆದದ್ದು ಅಂತ ಓದುವವರಿಗೆ ತಿಳಿಯಬೇಕು.

ಹಗಲುಬೆಳಕು

ಬೆಳಗ್ಗೆ ಬೇಗ ಹಾರಿಸಿದ ಡೇಟಾ ಬಗ್ಗೆ ಯಾರೂ ಕೇಳಲಿಲ್ಲ. ಆ ಫೋಟೋಗಳ ಶಟರ್ ವೇಗ ನೋಡಿದಿರಾ? ಬೆಳಕು ಕಮ್ಮಿ ಇದ್ದಾಗ ಆಟೋದಲ್ಲಿ ಬಿಟ್ಟರೆ 1/200 ಸೆಕೆಂಡಿಗೆ ಇಳಿದುಬಿಡುತ್ತದೆ. ಡ್ರೋನ್ ಸೆಕೆಂಡಿಗೆ 8 ಮೀಟರ್ ಹೋಗುತ್ತಿದ್ದರೆ ಒಂದು ಕ್ಲಿಕ್ ಆಗುವಷ್ಟರಲ್ಲಿ 4 ಸೆಂ.ಮೀ. ಮುಂದೆ ಹೋಗಿರುತ್ತದೆ. ನಿಮ್ಮಂಥ ಕ್ಯಾಮೆರಾದಲ್ಲಿ 60 ಮೀಟರ್‌ನಿಂದ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 1.6 ಸೆಂ.ಮೀ. ಅಂದರೆ ಪ್ರತಿ ಫೋಟೋ ಎರಡೂವರೆ ಪಿಕ್ಸೆಲ್ ಮಸುಕು. ಕೆಳಗೆ ಹಾರಿಸಿ ಗಳಿಸಿದ ಸ್ಪಷ್ಟತೆ ಅಲ್ಲಿಗೇ ಹೋಯಿತು. ಶಟರ್ 1/1000ಕ್ಕೆ ಕಟ್ಟಿಹಾಕಿ, ಐಎಸ್‌ಒ ಸ್ವಲ್ಪ ಏರಿದರೂ ಪರವಾಗಿಲ್ಲ. ಫೋಕಸ್ ಕೂಡ ಒಮ್ಮೆ ಹಿಡಿದು ಲಾಕ್ ಮಾಡಿ.

ಹೊತ್ತಿನ ವಿಷಯದಲ್ಲಿ ನನ್ನ ಒಲವು ತೆಳು ಮೋಡದ ದಿನಕ್ಕೆ. ನೆರಳಿಲ್ಲ, ಹೊಳಪಿಲ್ಲ. ಅದು ಸಿಗದಿದ್ದರೆ ಸೂರ್ಯ ನೆತ್ತಿಯ ಹತ್ತಿರ ಇರುವಾಗ. ಹಸಿ ಕೆಸರು ಮಾತ್ರ ಯಾವ ಹೊತ್ತಿನಲ್ಲೂ ಹೊಳೆಯುತ್ತದೆ. ಒಣಗಿ ಬಿರುಕು ಬಿಟ್ಟ ಹೂಳು ಇದೆಯಲ್ಲ, ಫೋಟೋಗ್ರಾಮೆಟ್ರಿಗೆ (ಫೋಟೋದಿಂದ ಅಳೆಯುವುದಕ್ಕೆ) ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ಒಂದೊಂದು ಬಿರುಕೂ ಸಾಫ್ಟ್‌ವೇರ್‌ಗೆ ಗುರುತು.

ಮಾಲೂರು ಮ್ಯಾಪಿಂಗ್

ಒಣಗಿದ ಅಂಗಳ ಸಿಗುವುದೇ ಈಗ ಕಷ್ಟ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ) ನೀರು ಬರತೊಡಗಿದ ಮೇಲೆ ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿದೆ. ಅಂಥ ಕಡೆ ಡ್ರೋನ್ ಒಂದರಿಂದ ಆಗುವುದಿಲ್ಲ. ನೀರಿನ ಮೇಲಿನ ಬಿಂದುಗಳು ಬರೀ ಗದ್ದಲ, ಅವನ್ನು ಕತ್ತರಿಸಿ ತೆಗೆಯಬೇಕು. ತೆಪ್ಪದ ಮೇಲೆ ಎಕೋಸೌಂಡರ್ (ಶಬ್ದದ ಅಲೆಯಿಂದ ಆಳ ಅಳೆಯುವ ಯಂತ್ರ) ಇಟ್ಟು ಆಳ ತೆಗೆದು, ಅದೇ ದಿನ ನೀರಿನ ಮಟ್ಟವನ್ನು ರೋವರ್‌ನಿಂದ ಅಳೆದು, ಎರಡನ್ನೂ ಕೂಡಿಸಬೇಕು. ನಿಮ್ಮದು ಒಣಗಿದೆ ಅಂದರೆ ಮಳೆ ಬರುವ ಮುಂಚೆ ಮುಗಿಸಿಕೊಳ್ಳಿ.

ಅನುಮತಿ ಬಗ್ಗೆ ಹೊಸಬರಿಗೆ ಒಂದು ಸಾಲು. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ಆದರೆ ಡ್ರೋನ್‌ಗೆ ಯುಐಎನ್ (ನೋಂದಣಿ ಸಂಖ್ಯೆ) ಇರಬೇಕು, ಇಂಥ ಕೆಲಸಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಕು. ಹೊರಡುವ ದಿನ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಯಾವ ಬಣ್ಣದ ವಲಯ ಅಂತ ನೋಡಿಕೊಂಡೇ ಹೊರಡಿ.

ಮಲೆನಾಡ ಹಾರಾಟ

ಬೇಸ್ (ನೆಲದ ಮೇಲೆ ಒಂದೇ ಕಡೆ ನಿಂತು ಡ್ರೋನ್‌ನ ಅಂಕಿ ತಿದ್ದಲು ನೆರವಾಗುವ ಜಿಪಿಎಸ್ ಯಂತ್ರ) ಬಗ್ಗೆ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆರ್‌ಟಿಕೆ ನಡುವೆ ಕಡಿದುಹೋಗುತ್ತದೆ. ಅದಕ್ಕೇ ಪಿಪಿಕೆ ನೆಚ್ಚಿಕೊಂಡಿದ್ದೇವೆ. ಬೇಸ್ ಡೇಟಾ, ಡ್ರೋನ್ ಡೇಟಾ ಎರಡನ್ನೂ ಮನೆಗೆ ತಂದು ಕೂಡಿಸುತ್ತೇವೆ. ನಿಮ್ಮಲ್ಲಿ ಸಿಗ್ನಲ್ ಇದ್ದರೂ ರೈನೆಕ್ಸ್ ಫೈಲ್ (ಜಿಪಿಎಸ್‌ನ ಕಚ್ಚಾ ಡೇಟಾ) ರೆಕಾರ್ಡ್ ಆಗುತ್ತಿರಲಿ. ಬೇಸ್ ಅನ್ನು ಸರ್ವೆ ಆಫ್ ಇಂಡಿಯಾದ ಕೋರ್ಸ್ (ಸದಾ ನಡೆಯುವ ಜಿಪಿಎಸ್ ಕೇಂದ್ರಗಳ) ಜಾಲಕ್ಕೆ ಕಟ್ಟಿ. ಬೇಸ್ ನಿಂತ ಜಾಗದ ಅಂಕಿಯೇ ಒಂದು ಮೀಟರ್ ತಪ್ಪಿದ್ದರೆ ಎಲ್ಲಾ ಫೋಟೋವೂ ಒಂದು ಮೀಟರ್ ತಪ್ಪುತ್ತದೆ, ವರದಿಯಲ್ಲಿ ಸುಳಿವೂ ಸಿಗುವುದಿಲ್ಲ.

ಸುಣ್ಣದ ಗುರುತಿನ ವಿಷಯ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಾರಾಟಕ್ಕೆ ಮುಂಚೆ ಮನೆ ಗಡಿಗೆಲ್ಲ ಸುಣ್ಣ ಎಳೆದದ್ದನ್ನು ಎಲ್ಲರೂ ನೋಡಿದ್ದೀರಿ. ಕೆಂಪು ಮಣ್ಣಿನ ಮೇಲೆ ಅದಕ್ಕಿಂತ ಚೆನ್ನಾಗಿ ಕಾಣುವುದು ಬೇರೆ ಇಲ್ಲ. ಆದರೆ ಜಿಸಿಪಿಗೆ ದಪ್ಪ ಗೆರೆ ಸಾಲದು, ನಡುಬಿಂದು ಚೂಪಾಗಿ ಕಾಣಬೇಕು. ಎರಡು ತ್ರಿಕೋನ ಮೂಲೆಗೆ ಮೂಲೆ ತಾಗುವ ಹಾಗೆ ಹಾಕಿ, ಆ ತಾಗುವ ಜಾಗವನ್ನು ಅಳೆಯಿರಿ.

ಹಗಲುಬೆಳಕು

ಫೋಟೋಗಳನ್ನು ಯಾರಿಗೂ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಕಳಿಸಿದ್ದನ್ನು ಪ್ರಾಸೆಸ್ ಮಾಡಬೇಡಿ. ಗಾತ್ರ ಕುಗ್ಗಿಸುವುದಷ್ಟೇ ಅಲ್ಲ, ಫೋಟೋ ಒಳಗಿರುವ ಜಿಪಿಎಸ್ ಮಾಹಿತಿಯೂ ಹೋಗುತ್ತದೆ. ಕಾರ್ಡಿನಿಂದ ನೇರ ಹಾರ್ಡ್ ಡಿಸ್ಕಿಗೆ, ಎರಡು ಪ್ರತಿ.

ಜಾಗ ಬಿಡುವ ಮುಂಚೆ ಲ್ಯಾಪ್‌ಟಾಪ್‌ನಲ್ಲಿ ಕಮ್ಮಿ ಗುಣಮಟ್ಟದಲ್ಲಿ ಒಮ್ಮೆ ಓಡಿಸಿ. ತೂತು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಪೂರ್ತಿ ಕೆಲಸಕ್ಕೆ ಓಡಿಎಂನಲ್ಲಿ (ವೆಬ್‌ಓಡಿಎಂ ಒಳಗಿನ ಎಂಜಿನ್) 250 ಫೋಟೋಗೆ ಸುಮಾರು 16 ಜಿಬಿ ರ್‍ಯಾಮ್ ಹಿಡಿಯಿರಿ. ಜಾಸ್ತಿ ಇದ್ದರೆ ಸ್ಪ್ಲಿಟ್ ಹಾಕಿ, ಆದರೆ ಪ್ರತಿ ತುಂಡಿಗೂ ಜಿಸಿಪಿ ಸಿಗುವ ಹಾಗೆ ಹಂಚಿರಬೇಕು.

ಕೆರೆಬಯಲು

ಹೊಸದಾಗಿ ಹಾರಿಸಿದೆವು. ನೀರುಗಂಟಿ ತೋರಿಸಿದ ಕಡೆಯೆಲ್ಲ ಬಿಂದು ಹಾಕಿದೆವು. ಅಡ್ಡ ಸಾಲು, ಓರೆ ಫೋಟೋ ಸೇರಿಸಿದೆವು. ಬಚ್ಚಿಟ್ಟ ಚೆಕ್ ಪಾಯಿಂಟ್‌ಗಳಲ್ಲಿ ಅತಿ ಹೆಚ್ಚು ತಪ್ಪು 3.8 ಸೆಂ.ಮೀ. ಬಂದಿದೆ. ಸರಾಸರಿ ತೆಗೆದರೆ ನಕ್ಷೆ 1.1 ಸೆಂ.ಮೀ. ಮೇಲಿದೆ. ನಡು ಉಬ್ಬು ಹೋಯಿತು. ಜಾಲಿ ಮೂಲೆಯಲ್ಲಿ ರೋವರ್ ನಡಿಗೆ ಅರ್ಧ ಆಗಿದೆ. ವರದಿಯಲ್ಲಿ ಯಾವ ತಪ್ಪು ಬರೆಯಬೇಕು, 3.8 ಅಥವಾ 1.1?

ಬಿಂದುಮೋಡ

ಎರಡನ್ನೂ, ಆರ್‌ಎಂಎಸ್ (ತಪ್ಪುಗಳ ವರ್ಗದ ಸರಾಸರಿಯ ವರ್ಗಮೂಲ) ಜೊತೆಗೆ. ಹೂಳಿನ ಲೆಕ್ಕಕ್ಕೆ ಮಾತ್ರ 1.1 ಮುಖ್ಯ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಬರುವ ತಪ್ಪುಗಳು ಇಡೀ ಅಂಗಳಕ್ಕೆ ಕೂಡಿದಾಗ ಬಹುಪಾಲು ಒಂದನ್ನೊಂದು ಕಳೆದುಕೊಳ್ಳುತ್ತವೆ. ಎಲ್ಲ ಕಡೆ ಒಂದೇ ದಿಕ್ಕಿಗೆ ಸರಿದದ್ದು ಕಳೆಯುವುದಿಲ್ಲ. 1.1 ಸೆಂ.ಮೀ. ಅಂದರೆ 60 ಎಕರೆಗೆ ಸುಮಾರು 2,700 ಘನ ಮೀಟರ್. ಗ್ರಾಮಸಭೆಗೆ ಒಂದೇ ಅಂಕಿ ಕೊಡಬೇಡಿ, ಇಷ್ಟರಿಂದ ಇಷ್ಟರ ನಡುವೆ ಅಂತ ಕೊಡಿ. ಜಾಲಿ ಮೂಲೆಯ ಅಂಕಿಯನ್ನು ಒಟ್ಟಿಗೆ ಸೇರಿಸದೆ ಬೇರೆ ಸಾಲಿನಲ್ಲಿ ಇಡಿ. ರೋವರ್ ನಡಿಗೆಯ ಉಳಿದರ್ಧ ಮುಗಿದ ಮೇಲೆ ಆ ಬಿಂದುಗಳ ಸಿಎಸ್‌ವಿ ಹಾಕಿ, ಮೇಲ್ಮೈ ಮಾಡಿ ಕೊಡುತ್ತೇನೆ.